ಕೈ ನಿಂತ ಗುರುತು

ಆ ಬೀದಿಯವರೆಲ್ಲ ಅವಳನ್ನು ಬೆತ್ತದಕ್ಕ ಎಂದು ಕರೆಯುತ್ತಾರೆ. ಕೂತು ಕೂತು ಜೋತುಬಿದ್ದ ಕುರ್ಚಿಗಳ ಹಳೆಯ ಬೆತ್ತ ಕಿತ್ತು ಹೊಸದು ಹೆಣೆದು ಕೊಡುವುದು ಅವಳ ಕೆಲಸ. ಅವಳ ತಮ್ಮ ಮರದ ಸಾಮಾನಿಗೆ ಪಾಲಿಶ್ ಹಾಕುತ್ತಾನೆ. ಅವನು ಹೊಳಪು ಕೊಟ್ಟ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಹಿಂದೆ ಯಾರೋ ಗಿರಾಕಿ ಹೇಳಿದ್ದರಿಂದ ಅವನಿಗೆ ಕನ್ನಡಿ ಎಂಬ ಹೆಸರು ಬಿತ್ತು. ಹೆಸರು ಉಳಿದುಕೊಂಡಿತು. ಹೊಳಪು ಮಾತ್ರ ನಡುವೆ ಕೆಲವು ವರ್ಷ ಎಲ್ಲೋ ಹೋಗಿ, ಈಗ ನಿಧಾನವಾಗಿ ಮರಳಿ ಬಂದಿದೆ.

ಇಬ್ಬರೂ ಕೆಲಸ ಮಾಡುವುದು ಅಪ್ಪ ಬಿಟ್ಟುಹೋದ ಒಂದೇ ಅಂಗಡಿಯಲ್ಲಿ. ಅದು ಉದ್ದನೆಯ ಕೋಣೆ. ಒಂದು ತುದಿಗೆ ಬೀದಿಯ ಬಾಗಿಲು, ಇನ್ನೊಂದು ತುದಿಗೆ ಕಿಟಕಿ. ಕನ್ನಡಿ ಕಿಟಕಿಯ ಪಕ್ಕ ಬಾಗಿಲಿಗೆ ಮುಖ ಮಾಡಿ ನಿಂತು ಕೆಲಸ ಮಾಡುತ್ತಾನೆ. ಬೆತ್ತದಕ್ಕ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು, ಬೀದಿಗೆ ಬೆನ್ನು ಕೊಟ್ಟು, ತಮ್ಮನ ಕಡೆ ತಿರುಗಿ ಕೂರುತ್ತಾಳೆ. ಬೆತ್ತ ಹೆಣೆಯುವವರಿಗೆ ಬೆಳಕು ಎದುರಿನಿಂದ ಬೀಳಬೇಕು. ಹಾಗಿದ್ದೂ ಇವಳು ಬೆಳಕಿಗೆ ಬೆನ್ನು ಹಾಕಿ ಏಕೆ ಕೂರುತ್ತಾಳೆ ಎಂದು ಯಾರೂ ಕೇಳಲಿಲ್ಲ. ಯಾರು ಒಳಗೆ ಬರಬೇಕಾದರೂ ಅವಳನ್ನು ದಾಟಿ ಬರಬೇಕು. ಯಾರು ಹೊರಗೆ ಹೋಗಬೇಕಾದರೂ ಅಷ್ಟೆ.

ಕುಡಿಯುವವರ ಮನೆಯಲ್ಲಿ ಎಲ್ಲರಿಗಿಂತ ಮೊದಲು ಚುರುಕಾಗುವುದು ಮೂಗು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಹೆಂಡತಿ ಒಲೆಯ ಮುಂದೆ ನಿಂತಲ್ಲೇ ಗಾಳಿಯನ್ನು ಮೂಸುತ್ತಾಳೆ. ಬೆತ್ತದಕ್ಕನಿಗೆ ಆ ಭಾಗ್ಯವೂ ಇರಲಿಲ್ಲ. ಪಾಲಿಶಿನ ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಅದು ಕುಡಿಯುವ ವಸ್ತುವಲ್ಲ. ಯಾರೂ ಕುಡಿಯಬಾರದೆಂದೇ ಅದಕ್ಕೆ ವಿಷ ಬೆರೆಸಿರುತ್ತಾರೆ. ಆದರೆ ವಾಸನೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಕನ್ನಡಿಯ ಅಂಗಿ, ಕೂದಲು, ಬೆರಳು, ಉಸಿರು ಎಲ್ಲಕ್ಕೂ ದಿನವಿಡೀ ಅದೇ ನಾತ. ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿದ ಡಾಕ್ಟರು ಬೇರೆ ಕೆಲಸ ನೋಡಿಕೊಳ್ಳಿ ಎಂದಿದ್ದರು.

"ನನ್ನ ಕೈಗೆ ಬೇರೆ ಏನೂ ಬರಲ್ಲ ಡಾಕ್ಟ್ರೇ," ಎಂದಿದ್ದ ಕನ್ನಡಿ. "ನಾಳೆಯಿಂದ ನೀವು ಬಸ್ಸು ಓಡಿಸಿ ಅಂದ್ರೆ ಓಡಿಸ್ತೀರಾ?"

ಡಾಕ್ಟರು ನಕ್ಕು, ಕಿಟಕಿ ತೆರೆದಿಡಿ, ಒಬ್ಬರೇ ಇರಬೇಡಿ ಎಂದರು. ಆ ಎರಡನೆಯ ಮಾತನ್ನು ಬೆತ್ತದಕ್ಕ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಸ್ಪಿರಿಟ್ಟಿನ ಡಬ್ಬಕ್ಕೆ ಬೀಗ ಬಿತ್ತು, ಬೀಗದ ಕೈ ಅವಳ ಸೊಂಟಕ್ಕೆ ಬಂತು. ಬೇಕಾದಷ್ಟನ್ನು ಅವಳೇ ತಟ್ಟೆಗೆ ಸುರಿದು ಕೊಡುತ್ತಿದ್ದಳು.

ಮೂಗು ಕೈಕೊಟ್ಟಿದ್ದರಿಂದ ಅವಳು ಕಣ್ಣನ್ನು ನಂಬಿದಳು. ಕಣ್ಣಿಗೆ ಸಾಕ್ಷಿ ಹೇಳುತ್ತಿದ್ದದ್ದು ಮರ. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಒಂದು ಉಂಡೆ, ಅದೇ ಪಾಲಿಶ್ ಹಾಕುವವನ ಆಯುಧ. ಅದನ್ನು ಅರಗಿನಲ್ಲಿ ಅದ್ದಿ ಮರದ ಮೇಲೆ ತೇಲಿಸಬೇಕು. ಎಲ್ಲೂ ನಿಲ್ಲಬಾರದು. ಚಿಕ್ಕಂದಿನಲ್ಲಿ ಅಪ್ಪ ಇಬ್ಬರಿಗೂ ಹೇಳಿಕೊಟ್ಟಿದ್ದು ಇದೇ: "ಕೈ ಓಡ್ತಾ ಇಳೀಬೇಕು, ಓಡ್ತಾ ಏಳಬೇಕು. ನಿಂತ್ಯೋ, ಮರ ಹಿಡ್ಕೊಳ್ಳುತ್ತೆ." ಒಂದು ಉಸಿರಿನಷ್ಟು ಹೊತ್ತು ನಿಂತರೂ ಸಾಕು, ಕೆಳಗಿನ ಪದರ ಕರಗಿ ಉಂಡೆಗೆ ಅಂಟಿಕೊಂಡು, ಎತ್ತಿದಾಗ ಒರಟು ಮಚ್ಚೆ ಉಳಿಯುತ್ತದೆ. ಅವರ ಮನೆಯಲ್ಲಿ ಅದನ್ನು ಕೈ ನಿಂತ ಗುರುತು ಎನ್ನುತ್ತಿದ್ದರು.

ಕನ್ನಡಿ ಕುಡಿಯುತ್ತಿದ್ದ ಕಾಲದಲ್ಲಿ ಅವನು ಮುಟ್ಟಿದ ಮರದ ಮೇಲೆಲ್ಲ ಆ ಗುರುತು. ಕಪಾಟಿನ ಬಾಗಿಲಲ್ಲಿ, ತೊಟ್ಟಿಲ ಪಟ್ಟಿಯಲ್ಲಿ, ಒಮ್ಮೆ ನ್ಯಾಯಾಧೀಶರೊಬ್ಬರ ಮೇಜಿನ ನಟ್ಟನಡುವೆ. ಬೆತ್ತದಕ್ಕ ಉಪ್ಪುಕಾಗದ ಹಿಡಿದು ಕೂತು ತನಗೆ ಬಂದಷ್ಟು ಉಜ್ಜುತ್ತಿದ್ದಳು. ಗಿರಾಕಿಗಳು ಬಂದರೆ, "ಅವನಿಗೆ ಜ್ವರ ಸ್ವಾಮಿ," ಎನ್ನುತ್ತಿದ್ದಳು. ಅವಳ ಬಾಯಲ್ಲಿ ತಮ್ಮನಿಗೆ ಬಾರದ ಜ್ವರವೇ ಇರಲಿಲ್ಲ. ಒಬ್ಬ ಮುದುಕ ಗಿರಾಕಿಯಂತೂ, "ನಿನ್ನ ತಮ್ಮನಿಗೆ ಬರೋ ಜ್ವರ ನಮ್ಮ ಅಳಿಯನಿಗೂ ಬರುತ್ತೆ ಕಣಮ್ಮ, ಸಂಬಳದ ದಿನ," ಎಂದು ಹೇಳಿ ಹೋಗಿದ್ದ.

ಕೊನೆಗೆ ಕನ್ನಡಿಯ ಹೆಂಡತಿ ಮಗಳ ಕೈ ಹಿಡಿದುಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ತನ್ನ ತಾಯಿಯ ಮನೆಗೆ ಹೊರಟಳು. ಹೊರಡುವಾಗ ಬೆತ್ತದಕ್ಕನೇ ಬ್ಯಾಗು ಹಿಡಿದು ಬಸ್ಸಿನ ತನಕ ಹೋಗಿದ್ದಳು. "ಅವನು ಪೂರ್ತಿ ಬಿಡೋ ತನಕ ಇಬ್ಬರೂ ಈ ಕಡೆ ತಲೆ ಹಾಕಬೇಡಿ," ಎಂದಿದ್ದಳು. "ಬಿಟ್ಟಿದಾನೆ ಅಂತ ನನಗೆ ಖಾತ್ರಿ ಆದ ದಿನ ನಾನೇ ಹೇಳಿಕಳಿಸ್ತೀನಿ." ಮಗಳು ಆಗ ಇನ್ನೂ ಚಿಕ್ಕವಳು. ಬಸ್ಸಿನ ಕಿಟಕಿಯಿಂದ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಆ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು.

ಆಸ್ಪತ್ರೆಯಿಂದ ಬಂದಮೇಲೆ ಕನ್ನಡಿ ಕುಡಿದಿರಲಿಲ್ಲ. ಋತುಗಳು ಉರುಳಿದವು. ಮರದ ಮೇಲೆ ಗುರುತು ಬೀಳಲಿಲ್ಲ. ಹಾಗಿದ್ದೂ ಬೆತ್ತದಕ್ಕ ಹೇಳಿಕಳಿಸಿರಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಅವಳು. ಈ ಕೆಲಸವೊಂದು ಮುಗಿಯಲಿ, ಈ ಮಳೆಗಾಲ ಕಳೆಯಲಿ ಎಂದು ಮುಂದೂಡುತ್ತಿದ್ದಳು. ತಮ್ಮ ಕೇಳುತ್ತಿರಲಿಲ್ಲ. ಆದರೆ ಸಂಜೆ ಅವಳು ಅವನ ಕೆಲಸದ ಮೇಲೆ ಅಂಗೈ ಸವರಿ, ಬೆಳಕಿಗೆ ಓರೆಮಾಡಿ ನೋಡುವಾಗ, ಅವನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಗೋಡೆಗೆ ಒರಗಿ ನಿಂತಿರುತ್ತಿದ್ದ.

ಈ ಕಾವಲಿನಲ್ಲಿ ಅವಳಿಗೆ ತನ್ನದೆಂಬ ಬದುಕು ಉಳಿಯಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದರು. ಮೊದಲು ಅಮ್ಮ, ಆಮೇಲೆ ಅಪ್ಪ, ಆಮೇಲೆ ಇವನು. ನೆಂಟರ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಕರೆಯುವುದನ್ನು ಅವರೂ ನಿಲ್ಲಿಸಿದರು. ಕುಡುಕನ ಹೆಂಡತಿಯನ್ನು ಕಂಡರೆ ಅಯ್ಯೋ ಎನ್ನುವವರಿದ್ದಾರೆ, ತಾಯಿಯನ್ನು ಕಂಡರೆ ಅಳುವವರಿದ್ದಾರೆ. ಅಕ್ಕನನ್ನು ಕಂಡರೆ ಏನನ್ನಬೇಕೆಂದು ಯಾರಿಗೂ ತಿಳಿಯದು. ಆಸ್ಪತ್ರೆಯಲ್ಲಿ ಒಮ್ಮೆ ಮನೆಯವರನ್ನೆಲ್ಲ ಕರೆದು ಸುತ್ತ ಕೂರಿಸಿದ್ದರು. ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಿಕೊಂಡರು. ಇವಳ ಸರದಿ ಬಂದಾಗ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಸವರುತ್ತ, "ಈ ಕುರ್ಚಿಗಳು ಬೆನ್ನಿಗೆ ಒಳ್ಳೇದಲ್ಲ," ಎಂದುಬಿಟ್ಟಳು. ಎಲ್ಲರೂ ನಕ್ಕರು. ಹಿರಿಯ ನರ್ಸು ಮಾತ್ರ ನಗದೆ, ಹೊರಡುವಾಗ ಅವಳ ಭುಜ ಮುಟ್ಟಿ ಹೇಳಿದ್ದರು: "ನೀವು ಅವರಿಗೆ ಆಸರೆ ಆಗಿ. ಪೊಲೀಸ್ ಆಗ್ಬೇಡಿ." ಬೆತ್ತದಕ್ಕ ತಲೆಯಾಡಿಸಿದ್ದಳು. ಎರಡಕ್ಕೂ ಏನು ವ್ಯತ್ಯಾಸವೆಂದು ಕೇಳಲು ನಾಚಿಕೆಯಾಗಿತ್ತು.

ಆ ದಿನ ಅಂಗಡಿಗೆ ಬೆತ್ತ ತಂದುಕೊಡುವವನು ಬರಲಿಲ್ಲ. ಅವನ ಗಾಡಿ ಕೆಟ್ಟಿತ್ತು. ಅರ್ಧ ಹೆಣೆದ ಕುರ್ಚಿ ಕಾಯುತ್ತಿತ್ತು. ಅವಳೇ ಹೋಗಿ ತರಬೇಕು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು, ಬೀದಿ ನೋಡಿದಳು, ಮತ್ತೆ ಒಳಗೆ ನೋಡಿದಳು.

"ಹೋಗಿ ಬಾ ಅಕ್ಕಾ. ನಾನೇನು ಮಗುನಾ?" ಎಂದ ಕನ್ನಡಿ.

"ಮಗು ಆಗಿದ್ರೆ ಸೊಂಟದ ಮೇಲೆ ಕೂರಿಸ್ಕೊಂಡು ಹೋಗ್ತಿದ್ದೆ."

"ನಿನ್ನ ಸೊಂಟದ ಮೇಲೆ ಬೀಗದ ಕೈ ಇದೆಯಲ್ಲ, ಜಾಗ ಎಲ್ಲಿದೆ?"

ಅವಳಿಗೆ ನಗು ಬಂತು. ಹೋಗುವ ದಾರಿಯಲ್ಲಿ, ತಮ್ಮ ಈಗ ಪಾಲಿಶ್ ಹಾಕುತ್ತಿರುವ ಊಟದ ಮೇಜು ಮುಗಿದ ಕೂಡಲೆ ಅವನ ಮಗಳಿಗೆ ಹೇಳಿಕಳಿಸಿಯೇಬಿಡೋಣ ಎಂದುಕೊಂಡಳು. ಆ ಯೋಚನೆಗೆ ಕಾಲೂ ಹಗುರಾಯಿತು. ಬೆತ್ತದ ಕಟ್ಟು ಹೊತ್ತುಕೊಂಡು ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಿಂತಿರುಗಿದಳು.

ಕನ್ನಡಿ ಕೆಲಸ ಬಿಟ್ಟು ಗೋಡೆಯ ಬುಡದಲ್ಲಿ ಕೂತಿದ್ದ. ಕೈ ಎರಡೂ ಮೊಣಕಾಲ ನಡುವೆ. ಕಣ್ಣು ಕೆಂಪು. ದೊಡ್ಡ ಊಟದ ಮೇಜು ಕಿಟಕಿಯ ಬೆಳಕಿನಲ್ಲಿ ಕೆರೆಯ ನೀರಿನಂತೆ ಹೊಳೆಯುತ್ತಿತ್ತು. ಅದರ ನಡುವೆ, ಬಟ್ಟಲಿನ ತಳದಷ್ಟಗಲ, ಕೈ ನಿಂತ ಗುರುತು.

ಅವಳು ಬೆತ್ತದ ಕಟ್ಟನ್ನು ಇಳಿಸಲೂ ಇಲ್ಲ. "ಏನೋ ಇದು?"

"ಕೈ ನಿಂತೋಯ್ತು."

"ಅದು ಕಾಣ್ತಿದೆ. ಯಾಕೆ ನಿಂತಿತು?"

"ನಿಂತೋಯ್ತು ಅಕ್ಕಾ, ಅಷ್ಟೆ."

"ಬಾಯಿ ಊದು."

ಅವನು ತಲೆ ಎತ್ತಿದ. "ಊದಿದ್ರೆ ಏನು ಗೊತ್ತಾಗುತ್ತೆ ನಿನಗೆ? ಬೆಳಗಿಂದ ಇದರಲ್ಲೇ ಮುಳುಗಿದೀನಿ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯೋ ಬಾಳು ನಂದು."

"ಮಜ್ಜಿಗೆ ಕುಡಿದವನ ಕೈ ನಿಲ್ಲಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಬಾಯಿಂದ ಆ ಮಾತು ಬಿತ್ತು. "ಒಳ್ಳೇದೇ ಆಯ್ತು. ನಿನ್ನ ಮಗಳಿಗೆ ಇನ್ನೂ ಹೇಳಿಕಳಿಸಿರ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಎದ್ದು, ಒದ್ದೆ ಉಂಡೆಯನ್ನು ಅದರ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು, ತಿರುಗಿಸಿ ನೋಡಿ ಮತ್ತೊಮ್ಮೆ ಬಿಗಿದು, ಅವಳ ಪಕ್ಕದಿಂದ ಓರೆಯಾಗಿ ದಾಟಿ ಬೀದಿಗೆ ಇಳಿದ.

ಬೆತ್ತದಕ್ಕ ಸ್ಟೂಲಿನ ಮೇಲೆ ಕೂತು ಹೆಣೆಯಲು ಹೊರಟಳು. ನೀರಿನಲ್ಲಿ ನೆನೆಸಿದ ಬೆತ್ತವನ್ನು ತುಸು ಸಡಿಲವಾಗಿಯೇ ಹೆಣೆಯಬೇಕು, ಒಣಗಿದಾಗ ಅದು ತಾನೇ ಬಿಗಿಯಾಗುತ್ತದೆ. ಮಕ್ಕಳಿಗೂ ಗೊತ್ತಿರುವ ವಿಷಯ. ಅವಳು ಹಲ್ಲು ಕಚ್ಚಿ ಎಳೆದಳು. ಬೆತ್ತ ತುಂಡಾಯಿತು. ಇನ್ನೊಂದು ಎಳೆ ತೆಗೆದುಕೊಂಡಳು, ಅದೂ ತುಂಡಾಯಿತು. ಎದುರಿಗೆ ತಮ್ಮ ನಿಲ್ಲುವ ಜಾಗ ಖಾಲಿಯಿತ್ತು. ಅವಳ ಕಣ್ಣಿಗೆ ಕಾಯಲು ಏನೂ ಇರಲಿಲ್ಲ. ಬೀಗದ ಕೈ ಸೊಂಟಕ್ಕೆ ಒತ್ತುತ್ತಿತ್ತು. ಆಗ ಉಂಡೆಯ ಡಬ್ಬಿ ಅವಳ ಕಣ್ಣಿಗೆ ಬಿತ್ತು.

ಕುಡಿಯುತ್ತಿದ್ದ ವರ್ಷಗಳಲ್ಲಿ ಅವನು ಒಮ್ಮೆಯೂ ಆ ಮುಚ್ಚಳ ಹಾಕಿದ್ದಿಲ್ಲ. ಗಾಳಿಗೆ ಒಣಗಿ ಕಲ್ಲಾದ ಉಂಡೆಗಳನ್ನು ಅವಳು ಬುಟ್ಟಿಗಟ್ಟಲೆ ಎಸೆದಿದ್ದಳು. ಇವತ್ತು ಮುಚ್ಚಳ ಎರಡು ಸಲ ಬಿಗಿದಿತ್ತು.

ಅವಳು ಅಂಗಡಿಗೆ ಬೀಗ ಹಾಕಿ, ಬೀದಿಯ ತುದಿಯ ಬಾರಿಗೆ ಹೋದಳು. ಎಷ್ಟೋ ಸಲ ತಮ್ಮನನ್ನು ಎಬ್ಬಿಸಿ ಕರೆತಂದ ಜಾಗ. ಸಂಜೆಯ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಮೇಜು ಒರೆಸುತ್ತಿದ್ದ ಸಪ್ಲೈಯರ್ ಅವಳನ್ನು ಕಂಡು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

"ಏನಕ್ಕಾ, ಬಹಳ ದಿನ ಆಯ್ತು! ನಿಮ್ಮ ತಮ್ಮ ಬಿಟ್ಟ ಮೇಲೆ ನೀವೂ ಬರೋದು ಬಿಟ್ರಿ."

"ಅವನು ಬಂದಿದ್ನಾ?"

"ಬಂದಿದ್ರು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬಾಗಿಲ ತನಕ. ಈಗ ನೀವು ನಿಂತಿದೀರಲ್ಲ, ಅಲ್ಲೇ. ಬನ್ನಿ, ನಿಮ್ಮ ಮೂಲೆ ಕುರ್ಚಿ ಅನಾಥ ಆಗಿದೆ ಅಂದೆ. ಕೇಳಿಸ್ಕೊಂಡ್ರೋ ಇಲ್ವೋ. ಬೋರ್ಡನ್ನ ಮೇಲಿಂದ ಕೆಳಗೆ ಓದಿದ್ರು, ಕನ್ನಡಕ ಇಲ್ದೋರ ಥರ. ಹಿಂದಿನ ಗಲ್ಲಿ ಹಿಡಿದು ಹೋದ್ರು." ಅವನು ದನಿ ತಗ್ಗಿಸಿದ. "ಒಳಗೆ ಕರೆಯೋದು ನನ್ನ ಹೊಟ್ಟೆಪಾಡು ಅಕ್ಕಾ. ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ."

ಅವಳು ಅಂಗಡಿಯ ಕಡೆ ಹಿಂತಿರುಗುವಾಗ ಎದುರಿನ ಇಸ್ತ್ರಿಯವಳು ಪೆಟ್ಟಿಗೆಯ ಕೆಂಡ ಊದುತ್ತ ಕೂಗಿದಳು. "ಅಕ್ಕಾ, ನಿಮ್ಮ ತಮ್ಮ ಬೀಗ ಹಾಕಿದ ಬಾಗಿಲ ಮುಂದೆ ಕೂತಿದಾರೆ ನೋಡಿ! ಬಿಸಿಲಿಗೆ ಬನ್ನಿ ಅಂದ್ರೆ ಇಲ್ಲ, ನೆರಳಿಗೆ ಬನ್ನಿ ಅಂದ್ರೆ ಇಲ್ಲ." ಆಮೇಲೆ ಹತ್ತಿರ ಬಂದು ಪಿಸುದನಿಯಲ್ಲಿ, "ಹುಡುಗಿ ಮಾತಾಡಿದ್ಲಾ?" ಎಂದಳು.

"ಯಾವ ಹುಡುಗಿ?"

"ಅಯ್ಯೋ, ನಿಮಗೆ ಹೇಳ್ಲಿಲ್ವಾ? ಮಧ್ಯಾಹ್ನ ಬಂದಿದ್ಲು, ಶಾಲೆ ಬೇಗ ಬಿಟ್ಟಿರಬೇಕು. ಪುಸ್ತಕದ ಬ್ಯಾಗು, ಎರಡು ಜಡೆ. ಥೇಟ್ ನಿಮ್ಮ ತಮ್ಮನ ಮೂಗು, ಅಚ್ಚು ಒತ್ತಿದ ಹಾಗೆ. ನಿಮ್ಮ ಬಾಗಿಲಲ್ಲಿ ನಿಂತಿದ್ಲು. ಅವರು ತಲೆ ಎತ್ತಿದ್ರು ನೋಡಿ, ಓಡಿಹೋದ್ಲು."

ಬೆತ್ತದಕ್ಕ ತನ್ನ ಅಂಗಡಿಯ ಬಾಗಿಲ ಕಡೆ ತಿರುಗಿ ನೋಡಿದಳು.

"ಇದೇ ಮೊದಲಲ್ಲ ಅಕ್ಕಾ," ಎಂದಳು ಇಸ್ತ್ರಿಯವಳು, ಹೇಳಲೋ ಬೇಡವೋ ಎಂಬಂತೆ. "ಹಿಂದೆನೂ ಬಂದಿದ್ಲು. ನನ್ನ ಮೇಜಿನ ಮರೆಯಲ್ಲಿ ನಿಂತು ನೋಡ್ತಾಳೆ. ನಿಮ್ಮ ಬೆನ್ನು ಕಾಣುತ್ತೆ, ವಾಪಸ್ ಹೋಗ್ತಾಳೆ. ಯಾರ ಮನೆ ಮಗುನೋ, ಬೆತ್ತದ ಕುರ್ಚಿ ನೋಡೋ ಹುಚ್ಚೇನೋ ಅನ್ಕೊಂಡಿದ್ದೆ. ಇವತ್ತು ನೀವಿರ್ಲಿಲ್ಲ, ಬಾಗಿಲ ತನಕ ಹೋದ್ಲು."

ಕನ್ನಡಿ ಮೆಟ್ಟಿಲ ಮೇಲೆ ಕೂತಿದ್ದ. ಅಕ್ಕ ಬಂದದ್ದನ್ನು ಕಂಡು ಸರಿದು ಜಾಗ ಬಿಟ್ಟ. ಅವಳು ಬೀಗ ತೆಗೆದಳು. ಇಬ್ಬರೂ ಒಳಗೆ ಹೋದರು. ಅವಳ ಮೂಗು ಹಳೆಯ ಅಭ್ಯಾಸದಿಂದ ತಾನಾಗಿಯೇ ಗಾಳಿಯನ್ನು ಎಳೆದುಕೊಂಡಿತು. ಅವನು ಅದನ್ನು ಗಮನಿಸಿದ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

"ಯಾಕೋ ಹೇಳ್ಲಿಲ್ಲ?"

ಅವನು ಮೇಜಿನ ಬಳಿ ಹೋಗಿ ಗುರುತಿನ ಮೇಲೆ ಬೆರಳಾಡಿಸಿದ. "ಮೇಜಿನಲ್ಲೇ ಮೊದಲು ಕಾಣಿಸಿದ್ದು. ತಲೆಕೆಳಗಾಗಿ. ಎರಡು ಜಡೆ, ಬ್ಯಾಗು. ಯಾರೋ ಗಿರಾಕಿ ಮಗು ಅಂತ ಅನ್ಕೊಂಡೆ. ಆಮೇಲೆ ಮೂಗು ನೋಡಿದೆ." "ಕೈ ನಿಂತೋಯ್ತು. ತಲೆ ಎತ್ತೋದ್ರೊಳಗೆ ಇರ್ಲಿಲ್ಲ. ಬೀದಿ ತುದಿ ತನಕ ಓಡಿದೆ."

"ಅದನ್ನೇ ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ?"

ಹೌದು ಎನ್ನಬೇಕೆಂದು ಅವಳಿಗೆ ತುಂಬ ಆಸೆಯಾಯಿತು. ಗಿರಾಕಿಗಳಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ನಾಲಿಗೆ ಈಗ ಏಳಲಿಲ್ಲ. "ಇಲ್ಲ," ಎಂದಳು.

ಕನ್ನಡಿ ತಲೆಯಾಡಿಸಿದ. ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಸರಿಯಾದ ಅಳತೆ ಸಿಕ್ಕಿದವನಂತೆ ಕಂಡ. "ಬಾರಿಗೂ ಹೋಗಿದ್ದೆ. ಒಳಗೆ ಹೋಗ್ಲಿಲ್ಲ. ಯಾಕೆ ಅಂತ ಕೇಳಬೇಡ, ನನಗೇ ಗೊತ್ತಿಲ್ಲ. ನಾಳೆ ಹೋಗ್ತೀನೋ ಏನೋ, ಅದೂ ಗೊತ್ತಿಲ್ಲ. ಅದನ್ನ ನೀನು ಕಾಯೋಕಾಗಲ್ಲ ಅಕ್ಕಾ. ನೀನು ಎದುರಿಗೆ ಕೂತು ನೋಡ್ತಿದ್ರೆ, ಕುಡೀದೇನೂ ನನ್ನ ಕೈ ನಡುಗುತ್ತೆ."

"ನಾಳೆನೇ ಅವಳಿಗೆ ಹೇಳಿಕಳಿಸ್ತೀನಿ. ನಾನೇ ಹೋಗಿ ಕರ್ಕೊಂಡು ಬರ್ತೀನಿ."

"ಬೇಡ." ಅವನು ಮೊದಲ ಬಾರಿಗೆ ದನಿ ಎತ್ತಿದ, ಮತ್ತೆ ತಗ್ಗಿಸಿದ. "ನೀನು ಕರೆದ್ರೆ ಅವಳು ನಿನ್ನ ಮಾತಿಗೆ ಬಂದ ಹಾಗಾಗುತ್ತೆ. ಅವಳಾಗಿ ಬಾಗಿಲ ತನಕ ಬಂದಿದ್ಲು. ಅವಳೇ ಬರ್ಲಿ." ಬಾಗಿಲಲ್ಲಿದ್ದ ಸ್ಟೂಲನ್ನು ನೋಡಿದ. "ನೀನು ಸ್ಟೂಲು ತಿರುಗಿಸ್ಕೋ. ಬೀದಿ ಕಡೆಗೆ. ಅವಳು ಬಂದ್ರೆ ನಿನ್ನ ಮುಖ ಕಾಣಲಿ."

ಅವಳು ಸೊಂಟದ ಬೀಗದ ಕೈಯನ್ನು ಬಿಚ್ಚಿ ಮೇಜಿನ ಅಂಚಿನಲ್ಲಿಟ್ಟಳು. ಕನ್ನಡಿ ಅದನ್ನು ನೋಡಿ, ಬೆರಳಿನಿಂದ ಮೆಲ್ಲನೆ ಅವಳ ಕಡೆಗೇ ತಳ್ಳಿದ.

"ಇದು ಇರ್ಲಿ ನಿನ್ನ ಹತ್ರ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ ನನಗೆ."

ಮರುದಿನ ಬೆಳಿಗ್ಗೆ ಬೆತ್ತದಕ್ಕ ತಟ್ಟೆಗೆ ಸ್ಪಿರಿಟ್ ಸುರಿದುಕೊಟ್ಟು, ಸ್ಟೂಲನ್ನು ತಿರುಗಿಸಿ ಕೂತಳು. ಬೆಳಕು ನೇರವಾಗಿ ಬೆತ್ತದ ಮೇಲೆ ಬಿತ್ತು. ಇಷ್ಟು ವರ್ಷ ಅಂದಾಜಿನಲ್ಲಿ ಹುಡುಕುತ್ತಿದ್ದ ತೂತುಗಳು ಈಗ ಸ್ಪಷ್ಟವಾಗಿ ಕಾಣುತ್ತಿದ್ದವು. ಎದುರಿನ ಇಸ್ತ್ರಿಯವಳು, "ಏನಕ್ಕಾ, ಇವತ್ತು ನಿಮ್ಮ ಮುಖ ದರ್ಶನ!" ಎಂದು ಕೂಗಿದಳು. ಬೆತ್ತದಕ್ಕ ನಗಲು ನೋಡಿದಳು. ಬೆನ್ನು ಬರಿದಾದಂತೆ, ಯಾರೋ ಹೊದಿಕೆ ಎಳೆದುಕೊಂಡಂತೆ ಚಳಿಯಾಗುತ್ತಿತ್ತು.

ಹಿಂದಿನಿಂದ ಉಂಡೆಯ ಸದ್ದು ಬರುತ್ತಿತ್ತು. ಮರದ ಮೇಲೆ ಬಟ್ಟೆ ಓಡುವ ಮೆಲ್ಲನೆಯ ಸದ್ದು. ಗುರುತು ಬಿದ್ದ ಜಾಗವನ್ನು ಉಜ್ಜಿ, ಅರಗು ಕೊಟ್ಟು, ಒಣಗಿಸಿ, ಮತ್ತೆ ಕೊಡಬೇಕು. ಅವಸರ ಮಾಡಿದರೆ ಇನ್ನಷ್ಟು ಹಾಳು. ಅವಳು ಆ ಸದ್ದಿಗೆ ಕಿವಿಗೊಟ್ಟೇ ಹೆಣೆಯುತ್ತಿದ್ದಳು. ಕಣ್ಣನ್ನು ತಿರುಗಿಸಬಹುದು, ಕಿವಿಯನ್ನು ಎಲ್ಲಿಗೆ ತಿರುಗಿಸುವುದು?

ಬಿಸಿಲೇರುವ ಹೊತ್ತಿಗೆ ಸದ್ದು ನಿಂತಿತು.

ಒಣಗಲು ಬಿಟ್ಟಿರಬಹುದು. ನೀರು ಕುಡಿಯುತ್ತಿರಬಹುದು. ತಟ್ಟೆಯ ಮೇಲೆ ಬಾಗಿ ಸುಮ್ಮನೆ ನಿಂತಿರಬಹುದು. ಅವಳು ಕೈಯಲ್ಲಿದ್ದ ಎಳೆಯನ್ನು ತೂತಿಗೆ ತೂರಿಸಿ, ಎಳೆದು, ತುಸು ಸಡಿಲ ಬಿಟ್ಟಳು. ತಿರುಗಲಿಲ್ಲ. ಇಸ್ತ್ರಿಯವಳ ಮೇಜಿನ ಪಕ್ಕ, ಹುಡುಗಿಯೊಬ್ಬಳು ಮರೆಯಾಗಿ ನಿಲ್ಲಬಹುದಾದಷ್ಟು ಜಾಗವನ್ನೇ ನೋಡುತ್ತ ಕೂತಳು. ಅಲ್ಲಿ ಯಾರೂ ಇರಲಿಲ್ಲ. ಶಾಲೆ ಬಿಡಲು ಇನ್ನೂ ಬಹಳ ಹೊತ್ತಿತ್ತು.